ತುರಿದ ವಸಾಬಿ ಉಳಿಯಲ್ಲ ಅಂದವರಿಗೆ

ವಸಾಬಿಯನ್ನು, ಅಂದರೆ ಜಪಾನಿನವರು ಊಟದ ಜೊತೆ ತುರಿದು ತಿನ್ನುವ ಹಸಿರು ಖಾರದ ಗಡ್ಡೆಯನ್ನು, ತುರಿದು ಇಡೋಕಾಗಲ್ಲ, ಕಾಲು ಗಂಟೆಯಲ್ಲಿ ಖಾರ ಹಾರಿಹೋಗುತ್ತದೆ. ಜಪಾನಿಗೆ ಬಂದಾಗಿನಿಂದ ಎಲ್ಲರ ಬಾಯಲ್ಲೂ ಇದೇ ಮಾತು. ಸುಳ್ಳೇನಲ್ಲ. ಆದರೆ ನಮ್ಮ ಫ್ರೀಜರ್‌ನಲ್ಲಿ ಹೋದ ತಿಂಗಳು ಮಾಡಿಟ್ಟ ಪೇಸ್ಟ್ ಇದೆ. ಮೊನ್ನೆ ಅದನ್ನು ತಿಂದ ಗೆಳೆಯ ಮೂಗು ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಇವನೇ ಹೋದ ವರ್ಷ ನನ್ನನ್ನು ನೋಡಿ ನಕ್ಕಿದ್ದ.

ನಾವಿರುವುದು ಶಿಜುವೊಕಾದಲ್ಲಿ. ಗಡ್ಡೆಗೆ ಬರವಿಲ್ಲ. ಆಬೆ ನದಿಯ ಗುಂಟ ಬೆಟ್ಟ ಹತ್ತಿದರೆ ಉತೋಗಿ ಅನ್ನೋ ಹಳ್ಳಿ ಸಿಗುತ್ತದೆ. ಸುಮಾರು 400 ವರ್ಷದ ಹಿಂದೆ ವಸಾಬಿ ಬೇಸಾಯ ಶುರುವಾಗಿದ್ದು ಅಲ್ಲೇ ಅಂತಾರೆ. ಬರವಿಲ್ಲ ಅಂದರೆ ಅಗ್ಗ ಅಂತಲ್ಲ. ಹರಿಯುವ ತಣ್ಣೀರಲ್ಲಿ ಒಂದೂವರೆ, ಎರಡು ವರ್ಷ ಬೆಳೆಯಬೇಕಾದ ಬೆಳೆ ಇದು. ನೆಟ್ಟಗೆ, ದಪ್ಪಗೆ ಇರುವ ಒಂದು ಗಡ್ಡೆಗೆ 1500 ಯೆನ್ ಆಸುಪಾಸು. ಉಳಿದರ್ಧ ಗಡ್ಡೆ ಒದ್ದೆ ಪೇಪರಿನಲ್ಲಿ ಸುತ್ತಿಟ್ಟರೂ ಮರೆತುಹೋಗಿ ಕಪ್ಪಾಗುತ್ತದೆ. "ರೀ, ಈ ದುಡ್ಡಿಗೆ ಶಿರಸಿಯಲ್ಲಿ ಎಷ್ಟು ತೆಂಗಿನಕಾಯಿ ಬರ್ತಿತ್ತು ಅಂತ ಲೆಕ್ಕ ಹಾಕಿ" ಅಂತ ಮನೆಯವಳು ಕೇಳಿದ ಮೇಲೆ ನಾನು ಚಂದದ ಗಡ್ಡೆ ಕೊಳ್ಳುವುದನ್ನೇ ಬಿಟ್ಟೆ.

ದಾರಿ ಬದಿಯ ಅಂಗಡಿಗಳಲ್ಲಿ ಸೊಟ್ಟ ಗಡ್ಡೆ, ಬೆರಳು ಗಾತ್ರದ ಮರಿ, ಮುರಿದ ತುಂಡು ಎಲ್ಲ ಒಂದು ಕವರ್‌ಗೆ ತುಂಬಿ 500, 600 ಯೆನ್ನಿಗೆ ಕೊಡುತ್ತಾರೆ. ರುಚಿಯಲ್ಲಿ ಏನೂ ಕಮ್ಮಿಯಿಲ್ಲ. ಕಷ್ಟ ಇರುವುದು ತುರಿಯುವುದರಲ್ಲಿ. ಮರಿ ಗಡ್ಡೆ ತುರಿಯಲು ಹೋದರೆ ಬೆರಳೇ ತುರಿದುಹೋಗುತ್ತದೆ. ಅದರ ಮೇಲೆ ಇಲ್ಲಿಯವರು ವಸಾಬಿಗೆ ಬಳಸುವ ಶಾರ್ಕ್ ಚರ್ಮದ ತುರಿಮಣೆ ನಮ್ಮ ಅಡಿಗೆಮನೆಗೆ ಬರುವ ಹಾಗಿಲ್ಲ. ನಮ್ಮದು ಸ್ಟೀಲಿನದು. ಅಂಗಡಿ ಅಜ್ಜಿಗೆ "ಇದನ್ನೆಲ್ಲ ಒಟ್ಟಿಗೆ ಅರೆದು ಇಡ್ತೀನಿ" ಅಂದೆ. ಪಾಪ, ನಯವಾಗಿ ತಲೆ ಅಲ್ಲಾಡಿಸಿ, ಹಾಗಾದರೆ ಟ್ಯೂಬಿನಲ್ಲಿ ಸಿಗುವ ಪೇಸ್ಟೇ ತಗೊಳ್ಳಿ ಅಂದರು.

ಮೊದಮೊದಲು ಮಾಡಿದ್ದೆಲ್ಲ ದಂಡ. ತುರಿದು ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟೆ. ಮಾರನೇ ದಿನ ಕಂದು ಬಣ್ಣ, ಹುಲ್ಲಿನ ವಾಸನೆ, ಖಾರ ಇಲ್ಲವೇ ಇಲ್ಲ. ವಸಾಬಿಯಂಥದೇ ಘಾಟಿನ ಬಿಳಿ ಬೇರಾದ ಹಾರ್ಸ್‌ರ‍್ಯಾಡಿಶ್‌ಗೆ ಹಾಕುವ ಹಾಗೆ ವಿನಿಗರ್ ಹಾಕಿದೆ, ಉಪ್ಪಿನಕಾಯಿ ಆಯಿತು. ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿ ಮಾಡಿದೆ, ನೋಡಲು ಟ್ಯೂಬಿನ ಪೇಸ್ಟೇ, ತಿಂದರೆ ಗಂಜಿ. ಹಸಿ ಗಡ್ಡೆಯನ್ನು ಸೀದಾ ಮಿಕ್ಸಿಗೆ ಹಾಕಿದರೆ ಬ್ಲೇಡ್ ಕತ್ತರಿಸುತ್ತದೆ, ಜಜ್ಜುವುದಿಲ್ಲ. ನಾರು ನಾರು. ಜಾರ್ ಬಿಸಿಯಾಗಿ ಘಾಟೆಲ್ಲ ಗಾಳಿಗೆ. ಮಿಕ್ಸಿಯೋ ಊರಿನದು. ಇಲ್ಲಿಯ 100 ವೋಲ್ಟಿಗೆ ಅದನ್ನು ಓಡಿಸುವ ಟ್ರಾನ್ಸ್‌ಫಾರ್ಮರ್‌ಗೇ 12,000 ಯೆನ್ ಚಿಲ್ಲರೆ. ಇದನ್ನು ವಸಾಬಿ ಲೆಕ್ಕಕ್ಕೆ ಹಾಕಬೇಡಿ, ಇಡ್ಲಿ ಹಿಟ್ಟಿನ ಲೆಕ್ಕಕ್ಕೆ ಹಾಕಿ.

ದಾರಿ ತೋರಿಸಿದ್ದು ಕೊನೆಗೆ ಟ್ಯೂಬೇ. 200 ಯೆನ್ ಟ್ಯೂಬಿನ ಬೆನ್ನ ಮೇಲೆ ಏನೇನಿದೆ ಅಂತ ಓದಿದೆ. ಹಾರ್ಸ್‌ರ‍್ಯಾಡಿಶ್, ಸೋರ್ಬಿಟಾಲ್ ಅನ್ನೋ ಸಿಹಿ, ಉಪ್ಪು, ಬಣ್ಣ, ಗೋಂದು. ಜೊತೆಗೆ ಅಡಿಗೆ ಎಣ್ಣೆ! ಎಣ್ಣೆ ಯಾಕೆ? ಖಾರದ ವಸ್ತು ನೀರಲ್ಲಿ ಹಾಳಾಗುತ್ತದೆ, ಎಣ್ಣೆಯಲ್ಲಿ ಕರಗಿ ಕೂರುತ್ತದೆ. ಕೆಲವು ಕಾರ್ಖಾನೆಯವರು ಗಡ್ಡೆಯನ್ನು ಹೆಪ್ಪುಗಟ್ಟಿಸಿಯೇ ಪುಡಿ ಮಾಡುತ್ತಾರೆ ಅಂತಲೂ ಗೊತ್ತಾಯಿತು. ಅವರ ಹತ್ತಿರ ದ್ರವ ಸಾರಜನಕ ಇರುತ್ತದೆ. ನನ್ನ ಹತ್ತಿರ ಮೈನಸ್ 18ರ ಫ್ರೀಜರ್ ಇದೆ, ಸಾಕಲ್ವಾ?

ಈಗ ಮಾಡುವುದು ಹೀಗೆ. ಗಡ್ಡೆ ತಿಕ್ಕಿ ತೊಳೆದು, ಕಣ್ಣುಗಳನ್ನು ಹೆರೆದು, ನೀರು ಚೆನ್ನಾಗಿ ಒರೆಸಿ ತೆಳ್ಳಗೆ ಬಿಲ್ಲೆ ಮಾಡುತ್ತೇನೆ. ಸಿಪ್ಪೆ ಪೂರ್ತಿ ತೆಗೆಯಬೇಡಿ. ಬಿಲ್ಲೆಗಳು ರಾತ್ರಿಯೆಲ್ಲ ಫ್ರೀಜರ್‌ನಲ್ಲಿ. ಚಟ್ನಿ ಜಾರ್ ಮತ್ತು ಬ್ಲೇಡ್ ಕೂಡ ಅಲ್ಲೇ. ಬೆಳಿಗ್ಗೆ ಹೊರಗೆ ತೆಗೆದ ತಕ್ಷಣ ಎರಡೆರಡು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಬೇಕು. ಬಿಲ್ಲೆ ಚಿರೋಟಿ ರವೆಯಷ್ಟು ಸಣ್ಣ ಆಗುತ್ತದೆ. ಅಂಚಿನಲ್ಲಿ ಒದ್ದೆ ಕಂಡರೆ ನಿಲ್ಲಿಸಿ, ಮತ್ತೆ ಫ್ರೀಜರ್. ಈ ಹಂತದಲ್ಲಿ ಮೂಸಿದರೆ ಏನೂ ವಾಸನೆ ಬರಲ್ಲ, ಗಾಬರಿಯಾಗಬೇಡಿ. ಬಟ್ಟಲಿಗೆ ಸುರಿದು, ಚಿಟಿಕೆ ಸಕ್ಕರೆ, ಎರಡು ಹನಿ ನಿಂಬೆ ಹಾಕಿ, ಸ್ಟೀಲ್ ಚಮಚದ ಬೆನ್ನಿನಿಂದ ಬಟ್ಟಲಿನ ಗೋಡೆಗೆ ಒತ್ತಿ ತಿಕ್ಕಿ, ಬಿಗಿಯಾಗಿ ಮುಚ್ಚಿಡುತ್ತೇನೆ. ಕರಗುತ್ತ ಕರಗುತ್ತ ಖಾರ ಏಳುತ್ತದೆ. ಮುಚ್ಚಳ ತೆಗೆದು ಮುಖ ಹಾಕಬೇಡಿ. ಮಲಗಿದವರನ್ನು ವಸಾಬಿ ಘಾಟಿನಿಂದ ಎಬ್ಬಿಸುವ ಬೆಂಕಿ ಅಲಾರಂ ಕಂಡುಹಿಡಿದವರಿಗೆ 2011ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆಯ ಪ್ರಶಸ್ತಿ ಕೊಟ್ಟರು. ನಗುವವರು ನಗಲಿ, ನಮ್ಮ ಮನೆಯಲ್ಲಿ ಅದು ನಿಜವಾಗಿದೆ.

ಆಮೇಲೆ ಎಣ್ಣೆ, ಉಪ್ಪು. 100 ಗ್ರಾಂಗೆ ಎರಡು ಚಮಚದ ಒಳಗೆ ಎಣ್ಣೆ. ಯಾವ ಎಣ್ಣೆ, ಮುಚ್ಚಿಟ್ಟು ಎಷ್ಟು ನಿಮಿಷಕ್ಕೆ ಹಾಕಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಬೇಗ ಹಾಕಿದರೆ ಖಾರ ಏಳಲ್ಲ, ತಡವಾದರೆ ಉಳಿಯಲ್ಲ, ಇಷ್ಟು ಹೇಳಬಲ್ಲೆ. ಜಿಪ್ ಕವರ್‌ಗೆ ಹಾಕಿ 3 ಮಿಲಿಮೀಟರ್ ದಪ್ಪಕ್ಕೆ ಒತ್ತಿ, ಗಾಳಿ ತೆಗೆದು, ತಣ್ಣಗಿರುವ ಎರಡು ತಟ್ಟೆಗಳ ಮಧ್ಯೆ ಇಟ್ಟು ಫ್ರೀಜರ್‌ಗೆ. ದಪ್ಪ ಉಂಡೆ ಮಾಡಿಟ್ಟರೆ ಗಟ್ಟಿಯಾಗುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಬೇಕಾದಾಗ ಒಂದು ಚೂರು ಮುರಿದುಕೊಂಡರೆ ಆಯಿತು. ಎರಡು ತಿಂಗಳು ಧಾರಾಳ. ಆಮೇಲೆ ಬಣ್ಣ ಮಂಕಾಗುತ್ತದೆ. ಎರಡು ಕವರ್ ಗಡ್ಡೆಗೆ ಸುಮಾರು 200 ಗ್ರಾಂ ಪೇಸ್ಟ್, ಖರ್ಚು ಹೆಚ್ಚೆಂದರೆ 1300 ಯೆನ್. ಟ್ಯೂಬಿಗಿಂತ ಸ್ವಲ್ಪ ಜಾಸ್ತಿ ಆಗಬಹುದು, ಆದರೆ ಇದು ಅಸಲಿ.

ಗಡ್ಡೆಯ ಜೊತೆ ಸುಮ್ನೆ ಕೊಟ್ಟ ಸೊಪ್ಪಿನಿಂದ ತಂಬುಳಿ ಮಾಡಿದ್ದೂ ಹೇಳಬೇಕು. ಬೇಯಿಸಿದರೆ ಖಾರ ಸತ್ತೇಹೋಗುತ್ತದೆ. ಇಲ್ಲಿಯವರು ಮಾಡುವ ಹಾಗೆ 80 ಡಿಗ್ರಿ ನೀರು ಸುರಿದು ಬಸಿದು, ಸಕ್ಕರೆ ಹಾಕಿ ಹಿಸುಕಿ, ಡಬ್ಬಿಯಲ್ಲಿ ಮುಚ್ಚಿ ಜೋರಾಗಿ ಕುಲುಕಿದರೆ ಮೂಗಿಗೆ ಹತ್ತುತ್ತದೆ. ಆಮೇಲೆ ತೆಂಗಿನಕಾಯಿ, ಮಜ್ಜಿಗೆ. ನಮ್ಮ ಕಡೆ ಸೌತೆಕಾಯಿ ಸಾಸಿವೆಗೆ ಹಸಿ ಸಾಸಿವೆ ಅರೆದು ಹಾಕುತ್ತೇವಲ್ಲ, ಅಲ್ಲಿ ಮೂಗಿಗೆ ಹೊಡೆಯುವುದೂ ಇದೇ ವಸ್ತು. ಹಾಗಾಗಿ ಅರ್ಧ ಸಾಸಿವೆ, ಅರ್ಧ ವಸಾಬಿ ಹಾಕಿಯೂ ನೋಡಿದೆ. ಸಾಸಿವೆ ನಾಲಿಗೆಯ ಮೇಲೆ ಕೂತುಬಿಟ್ಟಿತು, ವಸಾಬಿಯ ಸಿಹಿ ಕಾಣಲೇ ಇಲ್ಲ. ಆ ಪ್ರಯೋಗ ಅಲ್ಲಿಗೇ ಬಿಟ್ಟೆ. ತಂಬುಳಿಯನ್ನು ಮಾತ್ರ ಮನೆಯವಳು ಈಗ ತಾನಾಗಿಯೇ ಕೇಳಿ ಮಾಡಿಸಿಕೊಳ್ಳುತ್ತಾಳೆ.

ಇನ್ನೊಂದು. ಮುರಿದ ಚೂರನ್ನು ಮೈಕ್ರೋವೇವ್‌ಗೆ ಹಾಕಬೇಡಿ, ಸೋಯಾ ಸಾಸ್‌ನಲ್ಲೂ ಕಲಸಬೇಡಿ. ತಟ್ಟೆಯ ಮೇಲೆ ಮೂರು ನಿಮಿಷ ಬಿಟ್ಟು, ತಣ್ಣನೆಯ ತೋಫು ಮೇಲಿಟ್ಟು, ಸೋಯಾವನ್ನು ಪಕ್ಕಕ್ಕೆ ಹಾಕಿಕೊಳ್ಳಿ.