ಕಡಲಿಗೆ ಇಳಿಯುವ ಮುನ್ನ ಹತ್ತು ನಿಮಿಷ ನಿಂತು ನೋಡಿ

ಬ್ಯಾಗು ರೂಮಿನಲ್ಲಿಟ್ಟ ಕೂಡಲೇ ನೀರಿಗೆ ಓಡಬೇಡಿ. ದಡದಲ್ಲಿ ಸ್ವಲ್ಪ ಎತ್ತರದ ಜಾಗ ನೋಡಿಕೊಂಡು ಹತ್ತು ನಿಮಿಷ ನಿಲ್ಲಿ. ಅಲೆಗಳು ಒಂದೇ ಸಮನಾಗಿ ಬರುವುದಿಲ್ಲ. ಹಲವು ಸಣ್ಣ ಅಲೆಗಳ ಬೆನ್ನಿಗೇ ನಾಲ್ಕೈದು ದೊಡ್ಡವು ಬರುತ್ತವೆ. ಎರಡೇ ನಿಮಿಷ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ.

ಸೆಳೆತ ಗುರುತಿಸಿ

ಎರಡೂ ಬದಿಯಲ್ಲಿ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದು, ನಡುವಿನ ಪಟ್ಟಿಯಲ್ಲಿ ಮಾತ್ರ ನೀರು ಕಪ್ಪಗೆ, ಸಮನಾಗಿ ಕಂಡರೆ ಅಲ್ಲಿ ಇಳಿಯಲೇಬೇಡಿ. ಮಕ್ಕಳಿಗೆ ಒಳ್ಳೆಯದೆಂದು ಹಲವರು ಆರಿಸುವುದು ಇದೇ ಜಾಗವನ್ನು! ದಡಕ್ಕೆ ಬಂದ ನೀರು ಮರಳು ದಿಬ್ಬಗಳ ನಡುವಿನ ಆಳದಲ್ಲಿ ವಾಪಸ್ ಹರಿಯುವ ದಾರಿ ಅದು. ಆಳ ಇರುವುದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ. ನೊರೆ, ಕದಡಿದ ಮರಳು ಸಮುದ್ರದತ್ತ ಸಾಗುತ್ತಿದ್ದರೆ ಅದೇ ಸೆಳೆತ, ಅಂದರೆ ರಿಪ್ ಕರೆಂಟ್. ಜೋರಾದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ಸ್ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ದಡ ಸೇರುವುದು ಕಷ್ಟ.

ಸಿಕ್ಕಿಕೊಂಡರೆ ನೆನಪಿಡಿ, ಸೆಳೆತ ನಿಮ್ಮನ್ನು ಹೊರಕ್ಕೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ದಡದತ್ತ ಈಜಿ ಈಜಿ ಸುಸ್ತಾದವರೇ ಮುಳುಗುವುದು.

1. ಅಂಗಾತ ತೇಲಿ, ಉಸಿರು ಹದಕ್ಕೆ ಬರಲಿ.
2. ಒಂದು ಕೈ ಎತ್ತಿ ಬೀಸಿ, ಕೂಗಿ.
3. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆಗೆ ಈಜಿ. ಸೆಳೆತ ಸಡಿಲಿದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ.

ಬಾವುಟ

ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವೆ ಲೈಫ್‌ಗಾರ್ಡ್ ಕಣ್ಣಿರುತ್ತದೆ, ಅಲ್ಲೇ ಈಜಿ. ಬರೀ ಕೆಂಪು ಎಂದರೆ ಭಾರಿ ಅಪಾಯ, ಜೋಡಿ ಕೆಂಪು ಎಂದರೆ ನೀರಿಗಿಳಿಯುವಂತಿಲ್ಲ. ಗಾಳಿ ದಡದಿಂದ ಸಮುದ್ರಕ್ಕೆ ಬೀಸುವಾಗ ಗಾಳಿ ತುಂಬಿದ ಹಾಸಿಗೆ, ಟ್ಯೂಬು ಬೇಡ. ಚೆಂಡು ತೇಲಿಹೋದರೆ ಹೋಗಲಿ ಬಿಡಿ, ಹಿಂದೆ ಹೋಗಬೇಡಿ.

ಜೆಟ್ ಸ್ಕೀ, ಬನಾನಾ ಬೋಟ್

ಜೆಟ್ ಸ್ಕೀ ಎಂದರೆ ನೀರಿನ ಮೇಲೆ ಓಡುವ ಸ್ಕೂಟರಿನಂಥ ಗಾಡಿ, ಬನಾನಾ ಬೋಟ್ ಎಂದರೆ ಇನ್ನೊಂದು ಬೋಟ್ ಎಳೆದೊಯ್ಯುವ, ಗಾಳಿ ತುಂಬಿದ ಉದ್ದ ದೋಣಿ. ಎರಡರಲ್ಲೂ ಲೈಫ್ ಜಾಕೆಟ್ ನಿಮ್ಮ ತೂಕಕ್ಕೆ ತಕ್ಕದ್ದಿರಲಿ. ಜಿಪ್, ಬಕಲ್ ಎಲ್ಲ ಹಾಕಿ, ಜೊತೆಯವರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಕಿವಿಯವರೆಗೆ ಬಂದರೆ ಬೇರೆ ಕೇಳಿ ಪಡೆಯಿರಿ, ಸಂಕೋಚ ಬೇಡ.

ಜೆಟ್ ಸ್ಕೀ ತಿರುಗುವುದು ಹಿಂದಿನಿಂದ ಚಿಮ್ಮುವ ನೀರಿನ ಬಲದಿಂದ. ಎದುರಿಗೆ ಏನಾದರೂ ಕಂಡಾಗ ಹೊಸಬರು ಗಾಬರಿಯಿಂದ ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿ) ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾರೆ. ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ, ಗಾಡಿ ಮಾತ್ರ ನೇರ ಹೋಗಿ ಗುದ್ದುತ್ತದೆ. ತಿರುಗುವಾಗ ಸ್ವಲ್ಪ ಥ್ರಾಟಲ್ ಹಿಡಿದಿರಬೇಕು. ಎಂಜಿನ್ ನಿಲ್ಲಿಸುವ ಸುರುಳಿ ದಾರವನ್ನು ಮಣಿಕಟ್ಟಿಗೋ ಜಾಕೆಟ್‌ಗೋ ಸಿಕ್ಕಿಸದೆ ಹೊರಡಬೇಡಿ. ಬಿದ್ದವರು ಹತ್ತುವಾಗ ಎಂಜಿನ್ ಆಫ್ ಆಗಿರಲಿ, ಉದ್ದ ಕೂದಲು ಕಟ್ಟಿರಲಿ. ಕೆಳಗೆ ನೀರು ಹೀರುವ ಬಾಯಿ ಇದೆ.

ಬನಾನಾ ಬೋಟ್‌ನಲ್ಲಿ ಗಾಯವಾಗುವುದು ಹೆಚ್ಚಾಗಿ ಒಬ್ಬರ ತಲೆ ಇನ್ನೊಬ್ಬರಿಗೆ ತಾಗಿ. ಬೀಳುವಾಗ ಹಿಡಿ ಬಿಟ್ಟುಬಿಡಿ. ಎಳೆಯುವ ಬೋಟ್‌ನಲ್ಲಿ ಚಾಲಕನಲ್ಲದೆ ಹಿಂದೆ ನೋಡುತ್ತಾ ಕೂರುವ ಇನ್ನೊಬ್ಬರು ಇಲ್ಲದಿದ್ದರೆ ಹತ್ತಬೇಡಿ.

ಯಾರಾದರೂ ಮುಳುಗುತ್ತಿದ್ದರೆ

ಮುಳುಗುವವರು ಕೂಗುವುದು ಅಪರೂಪ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿದ್ದು, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಲೈಫ್‌ಗಾರ್ಡನ್ನು ಕರೆಯಿರಿ, ತೇಲುವ ಏನನ್ನಾದರೂ ಎಸೆಯಿರಿ, ಖಾಲಿ ಕ್ಯಾನ್ ಆದರೂ ಸರಿ. ಬರಿಗೈಯಲ್ಲಿ ಹಾರಬೇಡಿ, ಅವರು ನಿಮ್ಮನ್ನೇ ಹಿಡಿದು ಅದುಮುತ್ತಾರೆ. ಮೇಲೆ ತಂದವರಿಗೆ ಎಚ್ಚರವಾದರೂ ಕೆಮ್ಮು, ಏದುಸಿರು ಇದ್ದರೆ ರೂಮಿಗೆ ಕರೆದೊಯ್ಯಬೇಡಿ, ನೇರ ಆಸ್ಪತ್ರೆಗೆ ಹೋಗಿ.