ತಾಲ್ಲೂಕು ಆಸ್ಪತ್ರೆಯಿಂದ ಹಬ್‌ಗೆ ಇಸಿಜಿ ಕಳಿಸುವ ಕೆಲಸ: ನನ್ನ ಅನುಭವ

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆ ಸ್ಪೋಕ್, ಅಂದರೆ ಚಕ್ರದ ಕಡ್ಡಿ; ಜಯದೇವದಂಥ ದೊಡ್ಡಾಸ್ಪತ್ರೆ ಹಬ್, ಅಂದರೆ ಗುಂಬ. ಇಲ್ಲಿ ತೆಗೆದ ಇಸಿಜಿಯನ್ನು ಅಲ್ಲಿ ಓದಿ ಹೇಳುತ್ತಾರೆ, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲೇ ಬೀಳುತ್ತದೆ. ಇಸಿಜಿಯನ್ನು ದೂರಕ್ಕೆ ಕಳಿಸುವುದು ಹೊಸತೇನಲ್ಲ. 1905ರಲ್ಲೇ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ, ಇಸಿಜಿ ಯಂತ್ರ ರೂಪಿಸಿದ ವಿಜ್ಞಾನಿ ಐಂಟ್‌ಹೋವನ್ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ಕಳಿಸಿದ್ದರು. ಕೆಲಸ ಕೆಡುವುದು ನೆಟ್‌ವರ್ಕಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಾವು ಕಂಡ ಹಾಗೆ, ಹೆಚ್ಚಿನ ಸಲ ಅದು ಕೆಡುವುದು ರೋಗಿಯ ಎದೆಯ ಮೇಲೆ.

ಎದೆನೋವು ಎಂದವರು ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಓಪಿ ಚೀಟಿ ಆಮೇಲೆ. ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಕೂದಲಿದ್ದರೆ ಎಲೆಕ್ಟ್ರೋಡ್ ಕೂರುವಷ್ಟೇ ಜಾಗ ಬೋಳಿಸಿ. ವೈರಿನ ಬಣ್ಣ: ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಎದೆಮೂಳೆಯ ಮೇಲಿನ ಉಬ್ಬನ್ನು ಬೆರಳಲ್ಲಿ ಹುಡುಕಿ: ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಎಣಿಸುತ್ತ ಇಳಿದರೆ ಪಕ್ಕೆಲುಬುಗಳ ನಡುವಿನ ನಾಲ್ಕನೇ ಸಂದಿ ಸಿಗುತ್ತದೆ, ಎದೆಯ ಮೊದಲೆರಡು ಎಲೆಕ್ಟ್ರೋಡ್‌ಗಳಾದ ವಿ1 ಮತ್ತು ವಿ2 ಅಲ್ಲಿ. ಕಣ್ಣಳತೆಯಲ್ಲಿ ಇಟ್ಟವರು ಸಾಮಾನ್ಯವಾಗಿ ಒಂದೆರಡು ಸಂದಿ ಮೇಲಿಟ್ಟಿರುತ್ತಾರೆ. ಆಗ ಮೇಲಕ್ಕೇಳುವ ಆರ್ ಅಲೆ ಕುಗ್ಗಿ, ಇಲ್ಲದ ಹಳೇ ಹೃದಯಾಘಾತವೊಂದು ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ಜೆಲ್ಲಿಯನ್ನು ಬೊಟ್ಟಿನ ಹಾಗೆ ಬೇರೆ ಬೇರೆ ಇಡಬೇಕು. ಒಂದೇ ಪಟ್ಟೆಯಾಗಿ ಬಳಿದರೆ ಎದೆಯ ಆರೂ ಲೀಡ್ (ಹೃದಯವನ್ನು ಬೇರೆ ಬೇರೆ ಕೋನದಿಂದ ತೋರಿಸುವ ಗೆರೆಗಳು) ಅವಳಿ ಮಕ್ಕಳಂತೆ ಒಂದೇ ರೀತಿ ಬರುತ್ತವೆ.

ಲೀಡ್ 1ರಲ್ಲಿ ಎಲ್ಲವೂ ತಲೆಕೆಳಗಾಗಿ, ಎವಿಆರ್ ಎಂಬ ಲೀಡಿನಲ್ಲಿ ನೆಟ್ಟಗೆ ಬಂದು, ಎದೆಯ ಲೀಡ್‌ಗಳು ಸರಿಯಿದ್ದರೆ ಮೊದಲು ಕೈಗಳ ವೈರ್ ನೋಡಿ. ಲೀಡ್ 2 ಗೆರೆ ಎಳೆದಂತೆ ಚಪ್ಪಟೆಯಾಗಿದ್ದರೆ ಬಲಗೈ ಮತ್ತು ಬಲಗಾಲಿನ ವೈರ್ ಅದಲುಬದಲಾಗಿದೆ. ಯಂತ್ರ ಸೆಕೆಂಡಿಗೆ 25 ಮಿ.ಮೀ. ವೇಗದಲ್ಲಿ, ಮಿಲಿವೋಲ್ಟಿಗೆ 10 ಮಿ.ಮೀ. ಎತ್ತರದಲ್ಲಿರಲಿ. ಗೆರೆ ಅಲುಗಾಡುತ್ತದೆಂದು ಫಿಲ್ಟರ್ ಏರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ಇದು ನಿಲ್ಲಲೇಬೇಕು. ಕೆಳಗಿನ ಮಿತಿ 0.05 ಹರ್ಟ್ಸ್‌ನಿಂದ 0.5ಕ್ಕೆ ಹೋದರೆ ಗೆರೆ ನೆಟ್ಟಗಾಗುತ್ತದೆ, ಆದರೆ ಹೃದಯಾಘಾತದ ಪತ್ತೆಗೆ ನಾವು ಹುಡುಕುತ್ತಿರುವ ಎಸ್‌ಟಿ ಭಾಗವೇ (ದೊಡ್ಡ ಅಲೆಯ ನಂತರದ ಗೆರೆಯ ತುಣುಕು) ತಿರುಚಿಹೋಗಬಹುದು. ರೋಗಿಗೆ ಕಂಬಳಿ ಹೊದಿಸಿ, ಹತ್ತಿರದ ಪ್ಲಗ್ ಕಿತ್ತು, ಇನ್ನೊಮ್ಮೆ ತೆಗೆಯಿರಿ.

ಯಂತ್ರವೇ ನೇರವಾಗಿ ಕಳಿಸಿದರೆ ಒಳ್ಳೆಯದು. ಫೋನಿನಲ್ಲಿ ಕಳಿಸಬೇಕಾದಾಗ ಫ್ಲಾಶ್ ಬೇಡ, ಥರ್ಮಲ್ ಕಾಗದ ಮಿಂಚುತ್ತದೆ. ಕಾಗದವನ್ನು ಮೇಜಿನ ಮೇಲೆ ಹರಡಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಓರೆಯಾದರೆ ಚೌಕ ಹಿಗ್ಗುತ್ತದೆ, ಎಸ್‌ಟಿಯ ಒಂದು ಮಿ.ಮೀ. ಏರಿಕೆ ಅಳೆಯಲಾಗದು. ಅಂಚಿನಲ್ಲಿ ಅಳತೆ ತೋರಿಸುವ ಕ್ಯಾಲಿಬ್ರೇಶನ್ ಗುರುತು ಚಿತ್ರದಲ್ಲಿರಬೇಕು, ಹೆಸರಿರುವ ಮೂಲೆ ಮಡಚಿರಬೇಕು. ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಚಿತ್ರ ಕುಗ್ಗುವುದಿಲ್ಲ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಕಾಗದ ಮುಟ್ಟಿದರೆ ಅಲ್ಲೇ ಕಪ್ಪಾಗುತ್ತದೆ.

ಜೊತೆಗೆ ಒಂದೇ ಸಾಲು: "58, ಗಂಡು, ನೋವು 6.40ಕ್ಕೆ, ಇಸಿಜಿ 8.05ಕ್ಕೆ, ಬಿಪಿ 130/80, ಶುಗರ್ ಇದೆ." ಕಳಿಸಿದ ತಕ್ಷಣ ಕರೆ ಮಾಡಿ. ನೀಲಿ ಟಿಕ್ ಬಂದರೆ ಯಾರೋ ತೆರೆದಿದ್ದಾರೆ ಎಂದಷ್ಟೇ ಅರ್ಥ. ಮಲೆನಾಡಿನ ಕಡೆ ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳುವುದು ಕ್ಷೇಮ.

ಸಾಫ್ಟ್‌ವೇರ್ 'ನಾರ್ಮಲ್' ಎಂದರೂ ನೋವಿದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ವಿ1ರಿಂದ ವಿ3ರವರೆಗೆ ಎಸ್‌ಟಿ ತಗ್ಗಿದ್ದರೆ ಬೆನ್ನ ಕಡೆಯ ವಿ7–ವಿ9 ಬೇಕು. ಲೀಡ್ 2, 3, ಎವಿಎಫ್‌ಗಳಲ್ಲಿ ಎಸ್‌ಟಿ ಏರಿದ್ದರೆ ಬಲ ಎದೆಯ ವಿ4ಆರ್ ತೆಗೆಯದೆ ನಾಲಗೆ ಕೆಳಗೆ ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ ಇಡಬೇಡಿ, ಬಿಪಿ ಕುಸಿದೀತು.

ಹಬ್ ಒಪ್ಪಿದ ಮೇಲೆ, ರಕ್ತಸ್ರಾವದ ಅಪಾಯಗಳ ಪಟ್ಟಿಯನ್ನು ಒಂದೊಂದಾಗಿ ಕೇಳಿ ಮುಗಿಸಿದ ಮೇಲೆ, ಇಂಜೆಕ್ಷನ್. ಡೋಸ್ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆಯಾದರೆ 30 ಮಿ.ಗ್ರಾಂ, ಮುಂದೆ ಪ್ರತಿ 10 ಕೆ.ಜಿ.ಗೆ 5 ಮಿ.ಗ್ರಾಂ ಸೇರಿಸುತ್ತ 90 ಮುಟ್ಟಿದವರಿಗೆ 50. ಮಿ.ಲೀ.ಗೆ 5 ಮಿ.ಗ್ರಾಂ ಆಗುವಂತೆ ಬೆರೆಸಿದರೆ 30 ಎಂದರೆ 6 ಮಿ.ಲೀ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಕುಲುಕಬೇಡಿ. 75 ವರ್ಷ ದಾಟಿದವರಿಗೆ ಅರ್ಧ ಡೋಸ್. ಇದೇ ಔಷಧವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಅಧ್ಯಯನದ ನಡುವೆಯೇ ಆ ವಯಸ್ಸಿನವರಲ್ಲಿ ಮಿದುಳಿನ ರಕ್ತಸ್ರಾವ ಕಂಡು ಹಾಗೆ ಇಳಿಸಿದ್ದರು. ರಕ್ತನಾಳಕ್ಕೆ ಹಾಕಿದ ಲೈನಿನಲ್ಲಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ದ್ರಾವಣ) ಹೋಗುತ್ತಿದ್ದರೆ ಔಷಧ ಅಲ್ಲೇ ಗರಣೆಗಟ್ಟುತ್ತದೆ. ಮೊದಲೂ ಆಮೇಲೂ ಸಲೈನ್ ಹಾಯಿಸಿ.

ಆಂಬ್ಯುಲೆನ್ಸ್ ಕರೆಯುವುದು ಇಂಜೆಕ್ಷನ್ನಿನ ಜೊತೆಯಲ್ಲೇ. 60–90 ನಿಮಿಷಕ್ಕೆ ಇನ್ನೊಂದು ಇಸಿಜಿ: ಎಸ್‌ಟಿ ಏರಿಕೆ ಅರ್ಧದಷ್ಟಾದರೂ ಇಳಿಯದಿದ್ದರೆ ತಕ್ಷಣ ಸ್ಟೆಂಟ್ ಬೇಕಾಗಬಹುದು. ಆಗ ಗಾಡಿ ಘಾಟಿಯಲ್ಲಿರಬಹುದು. ಆದ್ದರಿಂದ ಚಾರ್ಜ್ ತುಂಬಿದ ಇಸಿಜಿ ಯಂತ್ರವೊಂದು ಆ ಗಾಡಿಯಲ್ಲೇ ಹೋಗಬೇಕು, ಎದೆಯ ಲೀಡಿನ ಜಾಗಗಳಿಗೆ ಪೆನ್ನಿನಲ್ಲಿ ಗುರುತು ಹಾಕಿರಬೇಕು.