ರೈಟ್ ಫೀಲ್ಡ್‌ನಲ್ಲಿ ನನ್ನ ಮೊದಲ ಹೆಜ್ಜೆ

ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು. ಲಾಂಗ್ ಆನ್‌ನಲ್ಲಿ ನಿಂತರೆ ಕ್ಯಾಚ್ ಬಿಡುವವನಲ್ಲ ಅಂತ ಹೆಸರಿತ್ತು. ಆ ಧೈರ್ಯದಲ್ಲೇ, ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ಕೆಲಸಕ್ಕೆ ಬಂದಮೇಲೆ, ಪರಿಚಯದವರ ಭಾನುವಾರದ ಬೇಸ್‌ಬಾಲ್ ತಂಡಕ್ಕೆ ಒಬ್ಬ ಕಡಿಮೆ ಬಿದ್ದಾಗ ಕೈ ಎತ್ತಿಬಿಟ್ಟೆ. ವಯಸ್ಸು 34. ರೈಟ್ ಫೀಲ್ಡ್‌ಗೆ, ಅಂದರೆ ಬ್ಯಾಟರ್ ಕಡೆಯಿಂದ ನೋಡಿದರೆ ಮೈದಾನದ ಬಲಭಾಗದ ದೂರದ ಜಾಗಕ್ಕೆ, ಕಳಿಸಿದರು. ಹವ್ಯಾಸಿ ತಂಡಗಳಲ್ಲಿ ಕೈಲಾಗದವನನ್ನು ನಿಲ್ಲಿಸುವ ಜಾಗ ಅದೇ ಅಂತ ಆಮೇಲೆ ಗೊತ್ತಾಯಿತು.

ಎರಡನೇ ಇನಿಂಗ್‌ನಲ್ಲಿ ಚೆಂಡು ನೆಟ್ಟಗೆ ನನ್ನ ಕಡೆಗೇ ಎದ್ದಿತು. ಸಲೀಸು ಕ್ಯಾಚ್ ಅಂದುಕೊಂಡು ನಾಲ್ಕು ಹೆಜ್ಜೆ ಮುಂದೆ ಓಡಿದೆ. ಅದು ಇಳಿಯಲೇ ಇಲ್ಲ. ತಲೆ ಮೇಲೆ ಹಾದು ಹಿಂದೆ ಬಿತ್ತು. ಬೇಲಿ ಬುಡದಿಂದ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಇಬ್ಬರು ರನ್ನರ್‌ಗಳು ಬೇಸ್‌ಗಳನ್ನು ಸುತ್ತಿ ಹೋಮ್ ಮುಟ್ಟಿ ರನ್ ಗಳಿಸಿಯಾಗಿತ್ತು.

ನಮ್ಮ ಕೋಚ್ ಬೈಯಲಿಲ್ಲ. ‘ಮೊದಲ ಹೆಜ್ಜೆ ಯಾವಾಗಲೂ ಹಿಂದಕ್ಕೆ’ ಅಂದರು, ಅಷ್ಟೇ. ಪಕ್ಕದಿಂದ ನೋಡುವವನಿಗೆ ಚೆಂಡಿನ ಕಮಾನು ಕಾಣುತ್ತದೆ. ನೆಟ್ಟಗೆ ಎದುರಿಗೆ ನಿಂತವನಿಗೆ ಕಾಣುವುದು ಮೇಲೇರುವ ಒಂದು ಬಿಳಿ ಚುಕ್ಕೆ ಮಾತ್ರ, ಅದು ಹತ್ತಿರ ಬೀಳುತ್ತೋ ದೂರವೋ ಹೇಳುವುದು ಕಷ್ಟ. ನನಗೆ ಇನ್ನೊಂದು ತೊಡಕೂ ಇತ್ತು, ಕ್ರಿಕೆಟ್‌ನದು. ಬೌಂಡರಿ ಗೆರೆಯಲ್ಲಿ ನಿಂತವನ ತಲೆ ಮೇಲೆ ಹೋದರೆ ಸಿಕ್ಸರ್, ಕಥೆ ಮುಗಿಯಿತು, ಯಾರೂ ಫೀಲ್ಡರನ್ನು ಅನ್ನುವುದಿಲ್ಲ. ಹಾಗಾಗಿ ಬೆನ್ನ ಹಿಂದಿನ ಜಾಗ ನನ್ನ ಲೆಕ್ಕದಲ್ಲೇ ಇರಲಿಲ್ಲ. ಇಲ್ಲಿ ಬೇಲಿಯೊಳಗೆ ಬಿದ್ದ ಚೆಂಡು ವಾಪಸ್ ಬರುವವರೆಗೂ ರನ್ನರ್‌ಗಳು ಓಡುತ್ತಲೇ ಇರುತ್ತಾರೆ.

ಗ್ಲೌಸಿನ ಪಾಡು ಬೇರೆ. ಬಲಗೈಯಲ್ಲಿ ಎಸೆಯುವವರು ಎಡಗೈಗೆ ಹಾಕಬೇಕು. ಚೆಂಡು ಕ್ರಿಕೆಟ್‌ನ ಚರ್ಮದ ಚೆಂಡಿಗಿಂತ ತುಸು ಹಗುರ, 142ರಿಂದ 149 ಗ್ರಾಂ. ಆದರೆ ಬೆರಳು ಮತ್ತು ಹೆಬ್ಬೆರಳಿನ ನಡುವಿನ ಜಾಲರಿಯಲ್ಲಿ ಹಿಡಿಯದೆ, ಹಳೇ ಅಭ್ಯಾಸದಂತೆ ಅಂಗೈಗೆ ತೆಗೆದುಕೊಂಡರೆ ಚರ್ಮದೊಳಗೂ ಉರಿಯುತ್ತದೆ. ಅಂಗೈ ನೀಲಿಗಟ್ಟಿದ್ದನ್ನು ನೋಡಿ ಮನೆಯವಳು, ‘ಅಲ್ರೀ, ಗ್ಲೌಸ್ ಹಾಕ್ಕೊಂಡೂ ಹಿಂಗಾ?’ ಅಂದಳು. ಹೊಸ ಗ್ಲೌಸ್ ಹಲಗೆಯಂತಿತ್ತು. ಎಣ್ಣೆ ಹಚ್ಚಿ, ಒಳಗೆ ಚೆಂಡಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿಯಿಡೀ ಬಿಡುತ್ತಿದ್ದೆ. ತಿಂಗಳಾದ ಮೇಲೆ ಮಡಚಿತು.

ಆ ಹೊತ್ತಿಗೇ ಇಚಿರೊ ಸುಜುಕಿಯ ಹಳೇ ವಿಡಿಯೊಗಳ ಹುಚ್ಚು ಹಿಡಿಯಿತು. ಜಪಾನಿನ ಪೆಸಿಫಿಕ್ ಲೀಗ್‌ನಲ್ಲಿ ಸತತ ಏಳು ವರ್ಷ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗನಾಗಿ, 2001ರಲ್ಲಿ 27ನೇ ವಯಸ್ಸಿಗೆ ಇಲ್ಲಿನ ವೃತ್ತಿಪರ ಬೇಸ್‌ಬಾಲ್ ತಂಡ ಸಿಯಾಟಲ್ ಮರಿನರ್ಸ್‌ಗೆ ಬಂದವರು. ಆ ವರ್ಷ ಅಮೆರಿಕನ್ ಲೀಗ್‌ನ ಶ್ರೇಷ್ಠ ಹೊಸಬ, ಶ್ರೇಷ್ಠ ಆಟಗಾರ ಎರಡೂ ಅವರೇ. 2004ರಲ್ಲಿ ಒಂದೇ ಋತುವಿನಲ್ಲಿ 262 ಹಿಟ್ (ಔಟಾಗದೆ ಬೇಸ್ ತಲುಪಿಸುವ ಹೊಡೆತ) ಹೊಡೆದು, 1920ರಿಂದ ಉಳಿದಿದ್ದ ಜಾರ್ಜ್ ಸಿಸ್ಲರ್‌ನ 257ರ ದಾಖಲೆ ಮುರಿದರು. ಜನ ಹೊಗಳುವುದು ಆ ಬ್ಯಾಟನ್ನು. ನನಗೆ ಬೇಕಿದ್ದದ್ದು ಹತ್ತು ವರ್ಷ ಸತತವಾಗಿ ಗೋಲ್ಡ್ ಗ್ಲವ್, ಅಂದರೆ ಶ್ರೇಷ್ಠ ಫೀಲ್ಡಿಂಗ್ ಪ್ರಶಸ್ತಿ, ಗೆದ್ದ ರೈಟ್ ಫೀಲ್ಡರ್.

2001ರ ಏಪ್ರಿಲ್ 11, ಓಕ್ಲೆಂಡ್. ಮೊದಲ ಬೇಸ್‌ನಲ್ಲಿದ್ದ ಎದುರಾಳಿ ಟೆರೆನ್ಸ್ ಲಾಂಗ್ ಒಂದೇ ಹಿಟ್‌ಗೆ ಮೂರನೆಯದಕ್ಕೆ ಓಡುತ್ತಾನೆ. ಇಚಿರೊ ರೈಟ್ ಫೀಲ್ಡ್‌ನಿಂದ ಎಸೆದದ್ದು ನೆಲ ಮುಟ್ಟದೆ ಹೋಗಿ ಮೂರನೇ ಬೇಸ್ ಕಾಯುತ್ತಿದ್ದ ಡೇವಿಡ್ ಬೆಲ್ ಗ್ಲೌಸಿಗೆ ಬೀಳುತ್ತದೆ. ಲಾಂಗ್ ಔಟ್. ಇದನ್ನು ನಿಧಾನಗತಿಯಲ್ಲಿ ಎಷ್ಟು ಸಲ ನೋಡಿದ್ದೇನೋ. ನನ್ನ ಎಸೆತ ಯಾಕೆ ದಾರಿಯಲ್ಲಿ ಪಕ್ಕಕ್ಕೆ ಸರಿಯುತ್ತದೆ ಅನ್ನುವುದು ಹೊಳೆದದ್ದು ಆಗಲೇ. ನಾನು ಕೈಯನ್ನು ಪಕ್ಕದಿಂದ ಬೀಸುತ್ತಿದ್ದೆ, ಅವರದು ಭುಜದ ಮೇಲಿಂದ. ಬೆರಳು ಹೊಲಿಗೆಗೆ ಅಡ್ಡಲಾಗಿ ಕೂರಬೇಕು, ಆಗ ಚೆಂಡು ಹಿಂದಕ್ಕೆ ಸುತ್ತುತ್ತಾ ನೇರ ಹೋಗುತ್ತದೆ. ಎಸೆಯುವ ಮೊದಲು ಕಾಗೆ ಕುಪ್ಪಳಿಸಿದಂತೆ ಒಂದು ಪುಟ್ಟ ಜಿಗಿತ. ಮೇರಿಮೂರ್ ಪಾರ್ಕಿನಲ್ಲಿ ದಿನಕ್ಕೆ ಐವತ್ತು ಸಲ ಅದನ್ನೇ ಮಾಡಿದೆ. ಅತ್ತ ಕ್ರಿಕೆಟ್ ಆಡುತ್ತಿದ್ದ ತೆಲುಗು ಹುಡುಗರು ನಗುತ್ತಿದ್ದರು.

2019ರ ಮಾರ್ಚ್ 21ಕ್ಕೆ ಟೋಕಿಯೊದಲ್ಲಿ ಇಚಿರೊ ನಿವೃತ್ತರಾದರು, ಆದರೆ ಮೈದಾನ ಬಿಡಲಿಲ್ಲ. ಮರಿನರ್ಸ್ ಪಂದ್ಯಕ್ಕೆ ಮುಂಚೆ 51ನೇ ನಂಬರಿನ ಜೆರ್ಸಿಯಲ್ಲೇ ಅಭ್ಯಾಸಕ್ಕೆ ಇಳಿಯುತ್ತಾರೆ. ಒಮ್ಮೆ ಗೇಟ್ ತೆಗೆದ ಕೂಡಲೇ ಹೋಗಿ ಬೇಲಿ ಪಕ್ಕ ನಿಂತೆ. ತಲೆ ಬೆಳ್ಳಗಾಗಿದೆ. ನಾನು ಚೆಂಡು ಬಿಟ್ಟು ಅವರ ಪಾದಗಳನ್ನೇ ನೋಡುತ್ತಿದ್ದೆ. ಚೆಂಡು ಬ್ಯಾಟಿಗೆ ತಾಗುವ ಹೊತ್ತಿಗೆ ಹಿಮ್ಮಡಿ ನೆಲ ಬಿಟ್ಟಿರುತ್ತಿತ್ತು. ಓಟ ಆಮೇಲೆ, ಅದೂ ಅವಸರವಿಲ್ಲದ್ದು. 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 394 ಮತಗಳಲ್ಲಿ 393 ಅವರಿಗೆ ಬಿದ್ದವು. ಆ ಒಂದು ಮತದ ಬಗ್ಗೆ ನಮ್ಮ ತಂಡದಲ್ಲಿ ಇನ್ನೂ ಜಗಳವಿದೆ.

ನಾನು ಈಗಲೂ ರೈಟ್ ಫೀಲ್ಡ್‌ನಲ್ಲೇ. ಕಳೆದ ತಿಂಗಳು ಒಂದು ಚೆಂಡು ಮತ್ತೆ ನೆಟ್ಟಗೆ ಎದ್ದಿತು. ಹಿಂದಕ್ಕೆ ಹೆಜ್ಜೆ ಇಟ್ಟೆ. ಅದು ಗಿಡ್ಡ ಹೊಡೆತ, ನನ್ನಿಂದ ಹತ್ತು ಅಡಿ ಮುಂದೆ ಬಿತ್ತು. ಒಂದೇ ಪುಟಕ್ಕೆ ಎತ್ತಿ ಎರಡನೇ ಬೇಸ್‌ಗೆ ಎಸೆದೆ. ರನ್ನರ್ ಮೊದಲ ಬೇಸ್‌ನಲ್ಲೇ ನಿಂತ. ಕೋಚ್ ಬೆಂಚಿನಿಂದ ಹೆಬ್ಬೆರಳು ಎತ್ತಿ ತೋರಿಸಿದರು.